ಮುಂದಿನ ಹಗ್ಗ

ಅಪ್ಪಯ್ಯನ ಟೋಪಿ ಮೊಳೆಗೆ ಬೀಳುವ ತನಕ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ವಿಶಾಖಪಟ್ಟಣದ ಬಂದರಿನ ಹಿಂದಿನ ಓಣಿಯಲ್ಲಿ ನಮಗಿದ್ದದ್ದು ಒಂದು ಕೋಣೆ, ಒಂದು ಅಡುಗೆ ಮೂಲೆ, ಮೂರು ಮೆಟ್ಟಿಲು. ಸಂಜೆ ಅಪ್ಪಯ್ಯ ಆ ಮೆಟ್ಟಿಲು ಹತ್ತುವ ಸದ್ದಾದರೆ ಅಮ್ಮ ಪಕ್ಕದ ಮನೆಯವಳ ಜೊತೆ ಮಾಡುತ್ತಿದ್ದ ಜಗಳವನ್ನೂ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ನಾನು ಓದುತ್ತಿದ್ದ ಪಾಠವನ್ನು ಯಾವ ಶಬ್ದದಲ್ಲಿದ್ದೆನೋ ಆ ಶಬ್ದದಲ್ಲೇ ಬಿಡುತ್ತಿದ್ದೆ. ಅವರು ಚಪ್ಪಲಿ ಕಳಚಿ, ನೌಕಾದಳದ ಬಿಳಿ ಟೋಪಿಯನ್ನು ಮೊಳೆಗೆ ಹಾಕಿ ‘ಹೂಂ’ ಎಂದಮೇಲೆ ಮನೆಗೆ ಮತ್ತೆ ಬಾಯಿ ಬರುತ್ತಿತ್ತು. ಈ ಕಟ್ಟಳೆ ನಮ್ಮ ಊರಾದ ಗಂಗೊಳ್ಳಿಯಿಂದ ಬಂದದ್ದು. ಅಲ್ಲಿ ಹೊಳೆ ಸಮುದ್ರಕ್ಕೆ ಬೀಳುವ ಅಳಿವೆಯಲ್ಲಿ ದೋಣಿ ಒಳಗೆ ಬರುವಾಗ ದಡದಲ್ಲಿ ನಿಂತವರು ಕೂಗಬಾರದು. ಚುಕ್ಕಾಣಿ ಹಿಡಿದವನ ಕಿವಿ ನೀರಿನ ಮೇಲೆ ಮಾತ್ರ ಇರಬೇಕು. ಅಪ್ಪಯ್ಯ ನೌಕಾದಳದ ಸಣ್ಣ ಬೋಟುಗಳನ್ನು ನಡೆಸುತ್ತಿದ್ದರು. ದಿನವಿಡೀ ಹಡಗಿನಿಂದ ದಕ್ಕೆಗೆ, ದಕ್ಕೆಯಿಂದ ಹಡಗಿಗೆ ಬೋಟು ತಾಗಿಸಿ ತಾಗಿಸಿ, ಸಂಜೆ ಮನೆಗೆ ಬರುವುದನ್ನೂ ಅವರು ದಡ ಹಿಡಿಯುವುದೆಂದೇ ಭಾವಿಸಿದ್ದರೇನೋ.

ಆ ಮೌನ ನಮಗೆ ಭಾರವಾಗಿರಲಿಲ್ಲ. ಅದು ಮುಗಿದ ಕೂಡಲೇ ಬರುವ ಗದ್ದಲಕ್ಕೆ ಅದು ಬೇಕಿತ್ತು. ಅಮ್ಮನ ಸಾರಿನ ಕುದಿ, ಬೆಳಗಿನಿಂದ ಕೂಡಿಟ್ಟ ಅವಳ ದೂರುಗಳು, ಊರಿನಿಂದ ಚೀಲದಲ್ಲಿ ಬರುತ್ತಿದ್ದ ಕುಚ್ಚಲಕ್ಕಿಯ ಅನ್ನ. ಭಾನುವಾರ ಊಟಕ್ಕೆ ಅಪ್ಪಲಸ್ವಾಮಿ ಬರುತ್ತಿದ್ದ. ಅವನು ವಿಶಾಖಪಟ್ಟಣದ ಮೀನುಗಾರರ ಕೇರಿಯವನು, ದಕ್ಕೆಯಲ್ಲಿ ಹಗ್ಗ ಹಿಡಿಯುವ ಕೂಲಿಗೆ ಸೇರಿ ಅಪ್ಪಯ್ಯನ ನೆರಳಾದವನು. ಆಗ ಅವನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಊಟವೊಂದು ಬಿಟ್ಟು ಎಲ್ಲ ಕೆಲಸ ಎಡಗೈಯಲ್ಲಿ ಮಾಡುತ್ತಿದ್ದ. ಅಮ್ಮನ ಹತ್ತಿರ ಬೈಸಿಕೊಳ್ಳುತ್ತಲೇ ಅವಳ ಕುಂದಾಪುರದ ಕನ್ನಡ ಕಲಿತಿದ್ದ.

“ಅಕ್ಕಾ, ನಿಮ್ಮ ಈ ಅಕ್ಕಿ ಅಗಿಯೋದ್ರೊಳಗೆ ನನ್ ಡ್ಯೂಟಿ ಟೈಮ್ ಅಯ್ಪೋತುಂದಿ.”

“ಅಗಿಬೇಡ ಸ್ವಾಮಿ, ನುಂಗ್. ಮೀನಿನ ಮುಳ್ಳ್ ನುಂಗ್ತೆ, ಅಕ್ಕಿ ನುಂಗುಕ್ ಆತಿಲ್ಯಾ?”

ನನಗೆ ಹನ್ನೆರಡು ವರ್ಷವಾಗಿದ್ದಾಗ ಅಪ್ಪಯ್ಯನ ನೌಕರಿಯ ಅವಧಿ ಮುಗಿಯಿತು. ಅದೇ ಹೊತ್ತಿಗೆ ವಿಜಯವಾಡದ ಒಬ್ಬ ಸಾಹುಕಾರರು ಬಂದರಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಲಾಂಚೊಂದನ್ನು ಕೊಂಡರು. ಅದನ್ನು ಕಾಕಿನಾಡದ ತನಕ ಸಮುದ್ರದಲ್ಲಿ, ಅಲ್ಲಿಂದ ಕಾಲುವೆಗಳಲ್ಲಿ ತಂದು, ಇಂದ್ರಕೀಲಾದ್ರಿಯ ಬುಡದ ಘಾಟಿನಿಂದ ಯಾತ್ರಿಕರನ್ನು ನದಿಯಲ್ಲಿ ಸುತ್ತಾಡಿಸುವುದು ಅವರ ಯೋಜನೆ. ತರುವ ಕೆಲಸವೂ ಆಮೇಲೆ ನಡೆಸುವ ಕೆಲಸವೂ ಅಪ್ಪಯ್ಯನಿಗೆ. ಸಂಸಾರ ಬೋಟಿನಲ್ಲೇ ಇರಬಹುದು. ಅಮ್ಮ ಮೂರು ದಿನ ಒಪ್ಪಲಿಲ್ಲ.

“ನೆಲ ಇಲ್ದ ಮನೀಗೆ ನಾ ಬಪ್ಪುದಿಲ್ಲ. ತುಳಸಿ ಎಲ್ಲಿಡುದ್?”

“ಹಿಂದ್ಗಡೆ ಡಬ್ಬಿ ಒಳ್ಗೆ ಇಡುವ.”

“ಅದಕ್ಕೆ ಸುತ್ತು ಬಪ್ಪುದ್ ಹ್ಯಾಂಗೆ?”

“ಬೋಟೇ ತಿರುಗ್ತ್ ಅಲ್ದಾ. ನೀ ನಿಂತ್ಕಂಡ್ರೆ ಸಾಕ್.”

ಅಮ್ಮ ನಗು ತಡೆಯಲಾರದೆ ಸೋತಳು. ಹೀಗೆ ನಾವು ಮನೆ ಬದಲಾಯಿಸಿದ್ದಲ್ಲ, ಮನೆಯೇ ನಮ್ಮನ್ನು ಹೊತ್ತುಕೊಂಡು ಹೊರಟಿತು. ಮುಂದುಗಡೆ ಎರಡು ಹಲಗೆ ಮಂಚದ ಕೋಣೆ, ನಡುವೆ ಸದಾ ಕೆಮ್ಮುವ ಎಂಜಿನ್ನು, ಹಿಂದುಗಡೆ ಮರಳು ತುಂಬಿದ ಪೆಟ್ಟಿಗೆಯ ಮೇಲೆ ಸೀಮೆಎಣ್ಣೆ ಸ್ಟೋವು. ಅದು ಅಮ್ಮನ ಅಡುಗೆಮನೆ. ಪಾತ್ರೆಗಳು ಉರುಳದಂತೆ ಅಪ್ಪಯ್ಯ ಕಪಾಟಿಗೆ ಪಟ್ಟಿ ಹೊಡೆದುಕೊಟ್ಟಿದ್ದರು. ಚುಕ್ಕಾಣಿಯ ಪಕ್ಕದಲ್ಲಿ ಟೋಪಿಗೊಂದು ಮೊಳೆಯನ್ನೂ ಹೊಡೆದಿದ್ದರು. ನೌಕರಿ ಮುಗಿದರೂ ಟೋಪಿ ಉಳಿದಿತ್ತು. ದಡ ಹತ್ತಿರವಾದಾಗ ಅದನ್ನು ತೆಗೆದು ತಲೆಗಿಡುತ್ತಿದ್ದರು. ಟೋಪಿ ತಲೆಗೇರಿತೆಂದರೆ ಅಮ್ಮ, ನಾನು, ಹಗ್ಗಕ್ಕೆಂದು ಜೊತೆಗೆ ಹೊರಟಿದ್ದ ಅಪ್ಪಲಸ್ವಾಮಿ ಮೂವರೂ ಮೂಕರು. ಹಗ್ಗ ಕಟ್ಟಿ ಎಂಜಿನ್ನು ನಿಂತು ಟೋಪಿ ಮೊಳೆಗೆ ಮರಳಿದ ಮೇಲೆಯೇ ‘ಹೂಂ.’

ಸಮುದ್ರದ ಎರಡು ದಿನ ಅಮ್ಮ ವಾಂತಿ ಮಾಡಿಕೊಂಡು ಮಲಗಿದ್ದಳು. ಗಂಗೊಳ್ಳಿಯ ಮಗಳು ಹೀಗೆ ಮಲಗಿದ್ದನ್ನು ಊರಿಗೆ ಬರೆಯಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಕಾಕಿನಾಡದಲ್ಲಿ ಕಾಲುವೆ ಹೊಕ್ಕಮೇಲೆ ಅವಳು ಎದ್ದು ಕೂತು ಬೋಟನ್ನೇ ಆಳತೊಡಗಿದಳು. ಆ ನೀರು ಮಗ್ಗದ ಮೇಲಿನ ಬಟ್ಟೆಯ ಹಾಗೆ ನುಣ್ಣಗಿತ್ತು. ತಾಳೆಮರದ ಸಾಲು, ನೀರಿನಲ್ಲಿ ಮೂಗು ಮಾತ್ರ ಬಿಟ್ಟ ಎಮ್ಮೆಗಳು, ನಮ್ಮ ಕಿಟಕಿಯ ಎತ್ತರಕ್ಕೇ ಬರುವ ಜನರ ಅಂಗಳಗಳು. ಅಂಗಳದ ಹೆಂಗಸರು ಅಮ್ಮನಿಗೆ ಗೋಂಗುರ ಸೊಪ್ಪಿನ ಕಟ್ಟು ಎಸೆಯುತ್ತಿದ್ದರು; ಅಮ್ಮ ಒಣಮೀನು ಎಸೆಯುತ್ತಿದ್ದಳು. ಬೆಳಗ್ಗೆ ಅವಳು ನನ್ನಿಂದ ಸ್ಲೇಟಿನ ಮೇಲೆ ಕನ್ನಡ ಬರೆಸುತ್ತಿದ್ದಳು, ಏಕೆಂದರೆ ನನ್ನ ಶಾಲೆ ತೆಲುಗಿನದು. ಮಧ್ಯಾಹ್ನ ಅಪ್ಪಯ್ಯ ಹಗ್ಗದ ಪಾಠ ಹೇಳುತ್ತಿದ್ದರು. ತುಂಡಾದ ಹಗ್ಗವನ್ನು ಗಂಟು ಹಾಕದೆ ಜೋಡಿಸುವುದಕ್ಕೆ ನಾವು ಹೆಣಿಗೆ ಎನ್ನುತ್ತೇವೆ. ಎರಡೂ ತುದಿಗಳ ಎಳೆ ಬಿಚ್ಚಿ, ಒಂದರೊಳಗೊಂದು ಐದು ಸಲ ತೂರಿಸಿ ಬಿಗಿಯಬೇಕು.

“ಐದ್ ಅಂದ್ರೆ ಐದೇ. ನಾಕ್ ಮಾಡಿ ನಿಲ್ಸಿರೆ ಕಾಂಬುಕ್ ಹಗ್ಗ, ಎಳೆದ್ರೆ ಹುಲ್ಲ್,” ಎಂದಿದ್ದರು ಅಪ್ಪಯ್ಯ.

ಇಂದು ನಾನು ಈ ಪುಟವನ್ನು ಕನ್ನಡದಲ್ಲಿ ಬರೆಯಬಲ್ಲೆನಾದರೆ ಅದು ಆ ಸ್ಲೇಟಿನ ಕೃಪೆ. ಎಸ್ಸೆಸ್ಸೆಲ್ಸಿ ಮುಗಿಸಿ ಗಾಜುವಾಕದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತು ವರ್ಷ ದುಡಿದು ಉಂಡದ್ದು ಆ ಹಗ್ಗದ ಕೃಪೆ. ಮಧುರವಾಡದಲ್ಲಿರುವ ಮಗಳು “ತೆಲುಗಿನಲ್ಲಿ ಬರೆಯಿರಿ ನಾನ್ನಾ, ನಾವೂ ಓದುತ್ತೇವೆ” ಎನ್ನುತ್ತಾಳೆ. ಆದರೆ ಇಲ್ಲಿ ಹೇಳಬೇಕಾದ ತಪ್ಪನ್ನು ನಾನು ಮಾಡಿದ್ದು ಕನ್ನಡದ ಮನೆಯಲ್ಲಿ.

ಗೋದಾವರಿ ದಾಟಿದ ಮೇಲೆ ಕಾಲುವೆ ಇಳಿಯುತ್ತ ಹೋಗುತ್ತದೆ. ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಲು ಅಲ್ಲಲ್ಲಿ ಲಾಕುಗಳಿದ್ದವು: ಎರಡು ಕದಗಳ ನಡುವೆ ಕಲ್ಲಿನ ತೊಟ್ಟಿ. ಬೋಟು ಒಳಹೊಕ್ಕ ಮೇಲೆ ಹಿಂದಿನ ಕದ ಮುಚ್ಚಿ, ತೊಟ್ಟಿಯ ನೀರನ್ನು ಕೆಳಗೆ ಬಿಟ್ಟು, ಬೋಟು ಒಂದಾಳೆತ್ತರ ಇಳಿದ ಮೇಲೆ ಮುಂದಿನ ಕದ ತೆರೆಯುತ್ತಾರೆ. ಆ ದಿನ ಅಪ್ಪಯ್ಯ ಮತ್ತು ಅಪ್ಪಲಸ್ವಾಮಿ ಕದದ ಚಕ್ರ ತಿರುಗಿಸಲು ಮೇಲೆ ಹೋಗಿದ್ದರು. ಅಮ್ಮ ಅಡುಗೆಯಲ್ಲಿದ್ದಳು. ಮುಂದಿನ ಹಗ್ಗ ನನ್ನ ವಶದಲ್ಲಿತ್ತು. ಅದು ಈ ಪ್ರಯಾಣಕ್ಕೆಂದೇ ತಂದ ಹೊಸ ಹಗ್ಗ, ಮೂಗಿಗೆ ಹಿಡಿದರೆ ನಾರಿನ ಹಸಿ ವಾಸನೆ ಬರುವಂಥದ್ದು. ಅದನ್ನು ಕೈಯಲ್ಲಿ ಹಿಡಿದು, ನೀರು ಇಳಿದಂತೆಲ್ಲ ಸ್ವಲ್ಪ ಸ್ವಲ್ಪ ಬಿಡುತ್ತ ಹೋಗು ಎಂದಿದ್ದರು. ನಾನು ಬಂದರಿನ ಹುಡುಗ. ಹಗ್ಗವೆಂದರೆ ಬಿಗಿಯುವುದು ಎಂದಷ್ಟೇ ನನ್ನ ಕೈಗೆ ಗೊತ್ತಿತ್ತು. ಗೋಡೆಯ ಮೇಲಿನ ಕಬ್ಬಿಣದ ಬಳೆಗೆ ಬಿಗಿದು ಕಟ್ಟಿ, ಚೆಂದದ ಗಂಟು ಹಾಕಿ, ಅಮ್ಮ ಹುರಿಯುತ್ತಿದ್ದ ಮೀನಿನ ಕಡೆ ನಡೆದೆ.

ನೀರು ಇಳಿಯಿತು, ಬೋಟಿನ ಮೂತಿ ಇಳಿಯಲಿಲ್ಲ. ಅದು ಹಗ್ಗದಿಂದ ಗೋಡೆಗೆ ನೇತುಬಿದ್ದಿತ್ತು. ಅಪ್ಪಯ್ಯ ಹೊಡೆದ ಪಟ್ಟಿಗಳನ್ನು ಹಾರಿ ಪಾತ್ರೆಗಳು ಉರುಳಿದವು. ಓಡಿಹೋಗಿ ನೋಡಿದರೆ ಗಂಟು ಕಲ್ಲಾಗಿತ್ತು. ಪಾತ್ರೆಗಳ ಹಿಂದೆ ಓಡುತ್ತಿದ್ದ ಅಮ್ಮ ನೋಡದಂತೆ ಅವಳ ಮೀನಿನ ಕತ್ತಿ ಎಳೆದುಕೊಂಡು ಹಗ್ಗ ಕಡಿದೆ. ಬೋಟು ದಬ್ಬೆಂದು ನೀರಿಗೆ ಬಿದ್ದು ಸರಿಯಾಗಿ ನಿಂತಿತು. ಮೇಲಿನಿಂದ ಅಪ್ಪಯ್ಯ “ಎಂತ ಆಯ್ತಾ?” ಎಂದು ಕೂಗಿದರು. “ಪಾತ್ರೆ ಬಿತ್ತ್,” ಎಂದೆ. ಅದು ಸುಳ್ಳಲ್ಲ, ಪಾತ್ರೆ ಬಿದ್ದಿತ್ತು. ಮೇಲೆ ಹತ್ತಿ ಬಳೆಯಲ್ಲಿದ್ದ ತುಂಡನ್ನು ಬಿಡಿಸಿಕೊಂಡು, ಮಧ್ಯಾಹ್ನ ಎಲ್ಲರೂ ಮಲಗಿದಾಗ ಮೂತಿಯ ಮರೆಯಲ್ಲಿ ಕೂತು ಹೆಣೆದೆ. ಎರಡು ಸಲ ತೂರಿಸುವಷ್ಟರಲ್ಲಿ ಅಪ್ಪಯ್ಯ ಕೆಮ್ಮಿದ್ದು ಕೇಳಿತು. ಅಷ್ಟಕ್ಕೇ ಬಿಟ್ಟು, ಮೇಲೆ ಸಣಬಿನ ದಾರ ಒತ್ತಾಗಿ ಸುತ್ತಿ, ಟಾರು ಬಳಿದೆ. ಐದು ಹೆಣಿಗೆಗಿಂತ ಅಂದವಾಗಿ ಕಾಣುತ್ತಿತ್ತು.

ಸಂಜೆ ಅಪ್ಪಲಸ್ವಾಮಿ ಅದನ್ನು ಕಂಡ.

“ಇದು ಯಾರು ಮಾಡಿದ್ದು ಬಾಬು?”

“ಅಪ್ಪಯ್ಯ,” ಎಂದೆ. “ಉಜ್ಜಿ ಸವೆದಿತ್ತು, ಅದ್ಕೆ.”

“ಅಣ್ಣ ಮಾಡಿದ್ರೆ ಸರೆ,” ಎಂದು ಅವನು ಹಗ್ಗವನ್ನು ಸುರುಳಿ ಸುತ್ತಿ ಇಟ್ಟ.

ಅದಾದ ನಾಲ್ಕನೆಯ ದಿನ ವಿಜಯವಾಡ ಸೇರಿದೆವು. ಕಾಲುವೆಯ ಕೊನೆಯ ಲಾಕು ದಾಟಿದರೆ ಕೃಷ್ಣಾ ನದಿ, ಸ್ವಲ್ಪ ಮೇಲಕ್ಕೆ ಇಂದ್ರಕೀಲಾದ್ರಿಯ ಘಾಟು, ಕೆಳಗೆ ಅಡ್ಡಕಟ್ಟು. ಮೇಲಿನ ಸೀಮೆಯಲ್ಲಿ ಮಳೆಯಾಗಿ ಅಡ್ಡಕಟ್ಟಿನ ಕೆಲವು ಬಾಗಿಲುಗಳನ್ನು ಎತ್ತಿದ್ದರು. ನದಿ ಕೆಂಪಗೆ, ಸದ್ದಿಲ್ಲದೆ, ಎಲ್ಲವನ್ನೂ ಆ ಕಡೆಗೆ ಎಳೆಯುತ್ತಿತ್ತು. ಪಡುವಣ ಗಾಳಿಯೂ ಅದೇ ದಿಕ್ಕಿಗೆ. ಘಾಟಿನ ಮೆಟ್ಟಿಲ ಮೇಲೆ ಸಾಹುಕಾರರು ಹಾರ ಹಿಡಿದು, ಪುರೋಹಿತರೊಂದಿಗೆ ಕಾಯುತ್ತಿದ್ದರು. ಅಪ್ಪಯ್ಯ ಲಾಕಿನ ಬಾಯಲ್ಲೇ ಬೋಟು ನಿಲ್ಲಿಸಿ ಬಹಳ ಹೊತ್ತು ನೀರು ನೋಡಿದರು.

“ನಾಳೆ ಮಾಡಿರೆ ಆತಿಲ್ಯಾ?” ಎಂದಳು ಅಮ್ಮ.

“ಮೂತಿ ಮೇಲ್ಮುಖ ಮಾಡಿ, ಮುಂದಿನ ಹಗ್ಗ ಒಂದು ಬಳೆಗೆ ಬಿದ್ರೆ ಸಾಕ್. ಹರಿವೇ ಬೋಟನ್ನ ದಡಕ್ಕೆ ಒತ್ತುತ್ತ್. ಹೊಸ ಹಗ್ಗ ಇತ್ತಲ್ಲ.” ಆಮೇಲೆ ಮೂತಿಯ ಕಡೆಗೆ ಕೂಗಿದರು: “ಸ್ವಾಮೀ, ಹಗ್ಗ ಸಮ ಇತ್ತಾ?”

“ಕೊತ್ತ ತಾಡು ಅಣ್ಣಾ, ಹೊಸ ಹಗ್ಗ, ಆನೆ ಕಟ್ಟಬಹುದು.”

ನಾನು ಅವರಿಬ್ಬರ ನಡುವೆ ನಿಂತಿದ್ದೆ. ಬಾಯಿ ತೆರೆದೆ. ಆ ಕ್ಷಣ ನನಗೆ ನೆನಪಿದೆ. ಅಷ್ಟರಲ್ಲಿ ಅಪ್ಪಯ್ಯ ಟೋಪಿ ತೆಗೆದು ತಲೆಗಿಟ್ಟರು. ನನಗೆ ಆದದ್ದು ಭಯವಲ್ಲ, ನೆಮ್ಮದಿ. ಇನ್ನು ಮಾತಾಡಬೇಕಾಗಿಲ್ಲ, ಮಾತಾಡುವಂತಿಲ್ಲ ಎಂಬ ನೆಮ್ಮದಿ. ಇಷ್ಟು ವರ್ಷ ನನ್ನನ್ನು ಕೊರೆದದ್ದು ಹೆಣಿಗೆಯಲ್ಲ, ಈ ನೆಮ್ಮದಿ.

ಅಪ್ಪಯ್ಯ ಅಂದು ಬೋಟು ತಂದ ರೀತಿಯನ್ನು ನಾನು ಮತ್ತೆಂದೂ ಕಂಡಿಲ್ಲ. ಎಂಜಿನ್ನಿನ ತಳ್ಳುವಿಕೆಯನ್ನೂ ಹರಿವಿನ ಎಳೆತವನ್ನೂ ಸರಿದೂಗಿಸಿದಾಗ ಬೋಟು ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ, ಯಾರೋ ಮೆಲ್ಲನೆ ಪೀಠ ಸರಿಸಿದಂತೆ ಪಕ್ಕಕ್ಕೆ ಸರಿಯುತ್ತ ಘಾಟಿನತ್ತ ಬಂತು. ಅಪ್ಪಲಸ್ವಾಮಿ ಎಸೆದ ಹಗ್ಗವನ್ನು ಮೆಟ್ಟಿಲ ಮೇಲಿದ್ದವರು ಬಳೆಗೆ ಹಾಕಿದರು. ಅವನು ಈಚೆಯ ತುದಿಯನ್ನು ಗೂಟಕ್ಕೆ ಸುತ್ತಿ ಹಿಡಿದ. ಅಪ್ಪಯ್ಯ ಎಂಜಿನ್ನು ತಗ್ಗಿಸಿದರು. ಬೋಟಿನ ಭಾರವೆಲ್ಲ ಹಗ್ಗಕ್ಕೆ ಬಂತು. ಟಾರು ಬಳಿದ ಜಾಗ ತೆಳ್ಳಗಾಗುತ್ತ ಹೋಗುವುದನ್ನು ನಾನು ನೋಡಿದೆ. ಆಮೇಲೆ ಕೋವಿಯ ಸದ್ದು. ತುಂಡಾದ ತುದಿ ಹಿಂದಕ್ಕೆ ಚಿಮ್ಮಿ ಅಪ್ಪಲಸ್ವಾಮಿಯ ಬಲಗೈಗೆ ಬಡಿಯಿತು. ಅವನು ಕೂತುಬಿಟ್ಟ. ಬೋಟಿನ ಮೂತಿ ಹೊರಕ್ಕೆ ತಿರುಗಿತು, ನಾವು ಹಿಂದಕ್ಕೆ ಜಾರತೊಡಗಿದೆವು, ಎತ್ತಿದ ಬಾಗಿಲುಗಳ ಕಡೆಗೆ.

ಆಗ ಅಮ್ಮ ಅಡುಗೆಯ ಕಡೆಯಿಂದ ಬಂದಳು. ಹಿಂದಿನ ಹಗ್ಗದ ಸುರುಳಿ ಎತ್ತಿ, ಸೆರಗು ಬಾಯಲ್ಲಿ ಕಚ್ಚಿ, ಗಂಗೊಳ್ಳಿಯಲ್ಲಿ ಬಲೆ ಬೀಸುವವರಂತೆ ಒಮ್ಮೆ ಮೈ ತಿರುಗಿಸಿ ಎಸೆದಳು. ಅದು ಪುರೋಹಿತರ ಎದೆಗೇ ಬಿತ್ತು. ಅವರೂ ಉಳಿದ ನಾಲ್ಕು ಜನರೂ ಕೂಡಿ ಕೊನೆಯ ಬಳೆಗೆ ಸುತ್ತಿದರು. ಬೋಟು ಪೂರ್ತಿ ತಿರುಗಿ, ಮೂತಿ ಅಡ್ಡಕಟ್ಟಿನ ಕಡೆ ಮಾಡಿಕೊಂಡು ಮೆಟ್ಟಿಲಿಗೆ ಅಪ್ಪಳಿಸಿ ನಿಂತಿತು. ಪಕ್ಕದ ಹಲಗೆಗಳು ಒಡೆದವು. ತುಳಸಿಯ ಡಬ್ಬಿ ನೀರಿಗೆ ಬಿದ್ದು ಹೋಯಿತು. ಇಷ್ಟೆಲ್ಲ ಆಗುವಾಗಲೂ ನಮ್ಮಲ್ಲಿ ಯಾರೂ ಒಂದು ಮಾತು ಆಡಿರಲಿಲ್ಲ.

ಅಪ್ಪಯ್ಯ ಮೊದಲು ಅಪ್ಪಲಸ್ವಾಮಿಯ ಕೈ ನೋಡಿದರು. ಮಣಿಕಟ್ಟಿನ ಮೂಳೆ ಮುರಿದಿತ್ತು. ಆಮೇಲೆ ಹಗ್ಗದ ತುದಿಯನ್ನು ಎತ್ತಿ ಹೆಬ್ಬೆರಳಿನಿಂದ ಸವರಿದರು.

“ಈ ಹೆಣಿಗೆ ಯಾರ್ದ್?”

ಅಪ್ಪಲಸ್ವಾಮಿ ನನ್ನ ಮುಖ ನೋಡಿದ. ಏನು ಕಂಡನೋ.

“ನಾದೇ ಅಣ್ಣಾ,” ಎಂದ. ನನ್ನದೇ, ಎಂದು.

ಸಾಹುಕಾರರು ಹಾರವನ್ನು ಕೈಯಲ್ಲೇ ಹಿಡಿದುಕೊಂಡು ಇಳಿದುಬಂದು ತೆಲುಗಿನಲ್ಲಿ ಅದನ್ನೇ ಕೇಳಿದರು: ಈ ಹಗ್ಗ ಹೆಣೆದವನು ಯಾರು? ಅವನು ನನ್ನ ಬೋಟಿನಲ್ಲಿ ಇರಕೂಡದು. ಅಪ್ಪಯ್ಯ ನೋವಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಪ್ಪಲಸ್ವಾಮಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. “ನಾನೇ ಅಯ್ಯಾ,” ಎಂದರು. ನಾನು ಅಮ್ಮನ ಸೆರಗಿನ ಹಿಂದೆ ನಿಂತು ಇಬ್ಬರ ಮಾತನ್ನೂ ಕೇಳಿದೆ. ಟೋಪಿ ಆಗಲೇ ಮೊಳೆಯ ಮೇಲಿತ್ತು. ಮಾತಾಡಬಹುದಿತ್ತು.

ಲಾಂಚನ್ನು ಬೇರೊಬ್ಬನಿಗೆ ಕೊಟ್ಟರು. ಅಪ್ಪಯ್ಯನಿಗೆ ನಡುಗಡ್ಡೆಗೆ ಜನರನ್ನು ದಾಟಿಸುವ ಒಂದು ಸಣ್ಣ ಬೋಟು ಸಿಕ್ಕಿತು. ಬೆಟ್ಟದ ಇಳಿಜಾರಿನಲ್ಲಿ ಒಂದು ಕೋಣೆ ಹಿಡಿದೆವು. ಅಪ್ಪಲಸ್ವಾಮಿ ಆರು ವಾರ ನಮ್ಮೊಂದಿಗೇ ಇದ್ದು ಎಡಗೈಯಲ್ಲಿ ಉಂಡ. ಅಮ್ಮ ಮೀನಿನ ಮುಳ್ಳು ಬಿಡಿಸಿ ಅವನ ತಟ್ಟೆಗೆ ಹಾಕುತ್ತಿದ್ದಳು. ಕೈ ಸೊಟ್ಟಗೇ ಕೂಡಿತು. ಹಗ್ಗ ಹಿಡಿಯಲಾಗದೆ ಅವನು ವಿಶಾಖಪಟ್ಟಣಕ್ಕೆ ಮರಳಿ ಬಲೆ ರಿಪೇರಿಗೆ ಕೂತ.

ಸಣ್ಣ ಬೋಟಿನ ಮೊದಲ ದಿನ ಅಪ್ಪಯ್ಯ ಬರಿದಲೆಯಲ್ಲಿ ಬಂದರು. ಟೋಪಿಯಲ್ಲಿ ಅಮ್ಮ ಅಂಟುವಾಳಕಾಯಿ ತುಂಬಿಟ್ಟಿದ್ದಳು. ನನ್ನನ್ನು ಮೂತಿಯಲ್ಲಿ ನಿಲ್ಲಿಸಿ ಹೇಳಿದರು:

“ಇನ್ ಮೇಲೆ ದಡಕ್ಕೆ ಬಪ್ಪತಿಗೆ ನೀ ಬಾಯ್ ಮುಚ್ಚುಕಿಲ್ಲ. ಹಗ್ಗ ಹ್ಯಾಂಗಿತ್ತ್, ದೂರ ಎಷ್ಟಿತ್ತ್, ಕಂಡದ್ದೆಲ್ಲ ಕೂಗಿ ಹೇಳ್ಕ್. ತಪ್ಪಾರೂ ಅಡ್ಡಿಲ್ಲ, ಹೇಳ್ಕ್.”

ಅಂದಿನಿಂದ ಆ ಮನೆ ಗದ್ದಲದ ಮನೆಯಾಯಿತು. ರಜೆಯ ದಿನಗಳಲ್ಲಿ, ಸಂಜೆಗಳಲ್ಲಿ ಮೂರು ವರ್ಷ ನಾನು ಕೂಗಿದೆ. “ಮುಂದಿನ ಹಗ್ಗ ಸಮ ಇತ್ತ್. ಹತ್ತಡಿ. ಐದಡಿ.” ಸಂಜೆ ಅಪ್ಪಯ್ಯ ಬೆಟ್ಟದ ಮೆಟ್ಟಿಲು ಹತ್ತುವಾಗ ಅಮ್ಮ ಮೇಲಿನಿಂದಲೇ ಮಾತು ಶುರುಮಾಡುತ್ತಿದ್ದಳು, ಅವರು ಕೆಳಗಿನಿಂದಲೇ ಉತ್ತರಿಸುತ್ತಿದ್ದರು. ನನ್ನ ಬಾಳಿನ ಅತ್ಯಂತ ಸುಖದ ವರ್ಷಗಳು ಅವು. ಎಲ್ಲವನ್ನೂ ಕೂಗಿ ಹೇಳಿದೆ, ಒಂದನ್ನು ಬಿಟ್ಟು. ಅಪ್ಪಯ್ಯ ತೀರಿಕೊಂಡಾಗಲೂ ಅದು ನನ್ನೊಳಗೇ ಇತ್ತು.

ಆಮೇಲೆ ನಾನು ಅಪ್ಪಲಸ್ವಾಮಿಯಿದ್ದ ಊರಿನಲ್ಲೇ ಸಂಸಾರ ಹೂಡಿದೆ. ಗಾಜುವಾಕದ ಬಸ್ ನಿಲ್ದಾಣದಲ್ಲಿ ಒಮ್ಮೆ ಆ ಸೊಟ್ಟ ಕೈ ಕಂಡು, ಬರುವ ಬಸ್ಸು ನನ್ನದಲ್ಲದಿದ್ದರೂ ಹತ್ತಿ ಹೋದೆ. ಅವನ ಮನೆಗೆ ಹೋಗುವ ಧೈರ್ಯ ಬಂದದ್ದು ಕಳೆದ ವರ್ಷ, ನನಗೂ ಮುಪ್ಪು ಬಂದ ಮೇಲೆ. ಎಂಬತ್ತು ದಾಟಿದವನು ಜಗುಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ. ಹೆಸರು ಹೇಳಿದೆ. ಎಡಗೈಯಿಂದ ನನ್ನ ಗಲ್ಲ ಹಿಡಿದು ತಿರುಗಿಸಿ ನೋಡಿದ. ನನ್ನ ಮಕ್ಕಳಿಗೆ ಬಾರದ ಅಮ್ಮನ ಕನ್ನಡ ಅವನ ಬಾಯಲ್ಲಿ ಹಾಗೇ ಉಳಿದಿತ್ತು.

“ಮಾಣಿ, ಮುದುಕ ಆಯ್ದೆ ಅಲ್ದಾ. ಉಂಡ್ಯಾ?”

ನಾನು ಕೂತು ಎಲ್ಲ ಹೇಳಿದೆ. ಲಾಕು, ಕತ್ತಿ, ಎರಡೇ ಸಲ ತೂರಿಸಿದ್ದು, ಅಪ್ಪಯ್ಯನ ಹೆಸರು ಹೇಳಿದ್ದು. ಅವನು ಬಲೆಯ ಕಣ್ಣೊಂದನ್ನು ಮುಗಿಸಿದ.

“ಘಾಟಿನಲ್ಲಿ ಎಸೀವಾಗ ಹೆಬ್ಬೆಟ್ಟಿಗೆ ಸಿಕ್ತು ಬಾಬು. ದಾರದ ಕೆಳಗೆ ಎರಡೇ ಉಬ್ಬು. ಅಣ್ಣ ಎರಡಕ್ಕೆ ನಿಲ್ಸೋ ಮನಿಷಿ ಅಲ್ಲ, ಗೊತ್ತಾಯ್ತು. ‘ಅಣ್ಣಾ ಆಗು, ನಿಲ್ಸು’ ಅಂತ ಕೂಗ್ಬಹುದಿತ್ತು. ಟೋಪಿ ತಲೆ ಮೇಲಿತ್ತಲ್ಲ. ನಾನೂ ನಿಮ್ಮನೆ ಅನ್ನ ಉಂಡೋನೇ, ಬಾಯಿ ಮುಚ್ಕೊಂಡೆ. ಗೊತ್ತಿದ್ದೂ ಎಸೆದ ಮೇಲೆ ಹಗ್ಗ ಯಾರ್ದು? ಅದ್ಕೇ ನಾದೇ ಅಂದೆ. ಸುಳ್ಳು ಹೇಳ್ಲಿಲ್ಲ ನಾನು.”

“ಅಪ್ಪಯ್ಯ ನಂಬಿದ್ರಾ?”

“ಅದೇ ದಿನ ಕೈಗೆ ಕಟ್ಟು ಹಾಕಿಸ್ವಾಗ ಅಂದ್ರು: ಸ್ವಾಮೀ, ನೀನು ಎಡಗೈಯವ, ನಿನ್ ಹೆಣಿಗೆ ಎಡಕ್ಕೆ ತಿರುಗ್ತದೆ, ಇದು ಬಲಕ್ಕೆ ತಿರುಗಿದೆ ಅಂತ. ಆಮೇಲೆ ಅಂದ್ರು, ತಪ್ಪು ನನ್ನ ಟೋಪಿದು ಅಂತ.” ಬಲೆಯನ್ನು ಮಡಿಲಿನಿಂದ ಸರಿಸಿದ. “ನಂಗೆ ಹೇಳಿದ್ದು ಆಯ್ತು. ಮೀ ನಾನ್ನಂಗೆ, ನಿಮ್ಮಪ್ಪಯ್ಯಂಗೆ, ಹೇಳಿದ್ಯಾ?”

“ಅವ್ರು ಹೋಗಿ ಎಷ್ಟೋ ವರ್ಷ ಆಯ್ತು.”

“ಆದ್ರೇನು? ಅಷ್ಟು ವರ್ಷ ಕಾದಿದ್ರಲ್ಲ, ಇನ್ನೂ ಕಾಯ್ತಿರ್ತಾರೆ.”

ಹೊರಡುವಾಗ ಒಂದು ತುಂಡು ಹಗ್ಗ ನನ್ನ ಕೈಗೆ ಕೊಟ್ಟು ಹೆಣೆಸಿದ. ಐದೂ ಸಲ ಎಣಿಸಿದ.

ಮರುವಾರ ರೈಲು ಹಿಡಿದು ವಿಜಯವಾಡಕ್ಕೆ ಹೋದೆ. ಘಾಟಿನ ಮೆಟ್ಟಿಲು ಬದಲಾಗಿದೆ, ಹಳೆಯ ಬಳೆಗಳಿಲ್ಲ. ಪ್ರವಾಸಿಗರ ಬೋಟೊಂದು ಹಾಡು ಹಾಕಿಕೊಂಡು ದಡಕ್ಕೆ ಬರುತ್ತಿತ್ತು. ನಡೆಸುವವನು ಒಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಿದ್ದ, ಹತ್ತಿದವರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ನಾನು ಕೊನೆಯ ಮೆಟ್ಟಿಲಿಗೆ ಇಳಿದೆ. ನೀರು ಕಾಲು ಮುಟ್ಟಿತು. ಸುತ್ತ ಇದ್ದವರಿಗೆ ನನ್ನ ಭಾಷೆ ತಿಳಿಯುವಂತಿರಲಿಲ್ಲ, ತಿಳಿದಿದ್ದರೂ ಹೇಳುತ್ತಿದ್ದೆ. ಮೂತಿಯಲ್ಲಿ ನಿಂತು ಕೂಗುತ್ತಿದ್ದ ಅದೇ ದನಿಯಲ್ಲಿ ಹೇಳಿದೆ:

“ಅಪ್ಪಯ್ಯಾ, ಮುಂದಿನ ಹಗ್ಗ ಸಮ ಇಲ್ಲ. ನಾ ಕಡ್ದದ್ದ್.”